ಒಂದಕ್ಷರ, ಒಂದು ಚುಕ್ಕಿ

ಜಾತ್ರೆಯ ಬ್ಯಾನರಿನಲ್ಲಿ ಎಲ್ಲಕ್ಕಿಂತ ಸಣ್ಣದಾಗಿ ಅಚ್ಚಾಗುವುದು ‘ಜೂ.’. ಮೇಲೆ ಸ್ವಾಮಿಗಳ ಫೋಟೋ, ಕೆಳಗೆ ಪಂಚಾಯ್ತಿ ಸದಸ್ಯರ ಫೋಟೋ, ಅದರ ಪಕ್ಕ ಮುಂದಿನ ಸಲ ಸದಸ್ಯರಾಗಬೇಕೆಂದಿರುವವರ ಫೋಟೋ, ಕೊನೆಗೆ ಕಪ್ಪು ಕನ್ನಡಕ ಹಾಕಿ ಮೊಬೈಲು ಕಿವಿಗಿಟ್ಟು ನಿಂತ ಗೆಳೆಯರ ಬಳಗ. ಇವರೆಲ್ಲ ನಿಂತು ಮಿಕ್ಕ ಜಾಗದಲ್ಲಿ ‘ಭರ್ಜರಿ ರಸಮಂಜರಿ’. ಅದರಡಿಯಲ್ಲಿ ರಾಜಕುಮಾರ್, ವಿಷ್ಣುವರ್ಧನ್, ಅಂಬರೀಶ್, ಶಂಕರ್‌ನಾಗ್, ರವಿಚಂದ್ರನ್, ಉಪೇಂದ್ರ. ಇಷ್ಟೂ ಜನ ಒಂದೇ ರಾತ್ರಿ, ಒಂದೇ ಸ್ಟೇಜಿನ ಮೇಲೆ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ, ಟಿಕೆಟ್ಟಿಲ್ಲದೆ! ಗಾಂಧಿನಗರದ ಯಾವ ನಿರ್ಮಾಪಕನ ಕೈಲೂ ಆಗದ ಕೆಲಸ. ಬ್ಯಾನರಿನ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿದರೆ ಮಾತ್ರ ಪ್ರತಿ ಹೆಸರಿನ ಎಡಭುಜದ ಮೇಲೆ ಸೊಳ್ಳೆ ಕೂತ ಹಾಗೆ ಒಂದು ‘ಜೂ.’ ಕಾಣುತ್ತದೆ.

ಆ ಸೊಳ್ಳೆಯ ಗಾತ್ರಕ್ಕೂ ಒಂದು ಲೆಕ್ಕವಿದೆ. ಕಲಾವಿದನ ಸ್ವಂತ ಊರಿನಲ್ಲಿ ಅದು ದಪ್ಪಗೆ ಇರುತ್ತದೆ. ಅಲ್ಲಿ ಅವನು ಯಾರ ಮಗ, ಯಾರ ಹೊಲ ಕೋರಿಗೆ ಮಾಡಿದ್ದ ಎಂಬುದೆಲ್ಲ ಊರಿಗೇ ಗೊತ್ತಿರುವಾಗ ಮುಚ್ಚಿಡುವುದೇನಿದೆ? ಊರು ದೂರವಾದಂತೆ ಅಕ್ಷರ ಕುಗ್ಗುತ್ತದೆ. ಲಿಂಗಸುಗೂರು ದಾಟಿದ ಮೇಲೆ ಬರೀ ಚುಕ್ಕಿ ಉಳಿದದ್ದನ್ನೂ ನೋಡಿದ್ದೇನೆ. ನಮ್ಮ ಓಣಿಯ ಮುದುಕರೊಬ್ಬರು ಕನ್ನಡಕ ಏರಿಸಿ ಅದನ್ನು ಓದಿ, “ಇದೇನ್ ತಮ್ಮಾ, ಜೂ ರಾಜಕುಮಾರ್ ಅಂತ ಬರ್ದಾರ? ಕಮಲಾಪುರದ ಜೂದಾಗಿಂದ ಕರ್ಕೊಂಡು ಬರ್ತಾರೇನು?” ಎಂದು ಕೇಳಿದ್ದರು. ಜೂನಿಯರ್ ಅಂತ ಅರ್ಥ ಎಂದೆ. “ಹಂಗಾರ ಸೀನಿಯರ್ ಯಾವಾಗ ಬರ್ತಾನ?” ಅಂದರು. ಸೀನಿಯರು 2006ರ ಏಪ್ರಿಲ್ 12ರಂದೇ ಹೋಗಿಬಿಟ್ಟಿದ್ದರು. ಅದು ಮುದುಕರಿಗೆ ಗೊತ್ತಿಲ್ಲದ್ದೇನಲ್ಲ. ನನ್ನನ್ನು ಆಡಿಸುತ್ತಿದ್ದರು, ಅಷ್ಟೇ.

ನಕಲು ನೋಡಲು ಹೋಗುವವರು ಮೋಸ ಹೋಗಲಿಕ್ಕೆ ಹೋಗುವುದಿಲ್ಲ. ಮುಂದಿನ ಸಾಲಿನಲ್ಲಿ ತಟ್ಟು ಹಾಸಿಕೊಂಡು ಕೂತ ಅಜ್ಜಿಗೂ ಗೊತ್ತು, ಲೈಟಿನ ಕಂಬ ಹತ್ತಿದ ಹುಡುಗನಿಗೂ ಗೊತ್ತು. ಅವರು ನೋಡಲು ಬರುವುದು ಹೋಲಿಕೆಯನ್ನಲ್ಲ, ಹೋಲಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು. ಮೂಗು ಸರಿ, ಎತ್ತರ ಗಿಡ್ಡ. ನಡಿಗೆ ಸರಿ, ಹೊಟ್ಟೆ ಜಾಸ್ತಿ. ವಿಗ್ಗು ಒಂದು ಕಡೆ ವಾಲಿದರೆ ಶಿಳ್ಳೆ ಇನ್ನೂ ಜೋರು. ಪರದೆಯ ಮೇಲಿನ ರಾಜಕುಮಾರರಿಗೆ ಯಾರಾದರೂ “ಅಣ್ಣಾ, ವಿಗ್ಗು ಸರಿ ಮಾಡ್ಕೋ” ಎನ್ನಲು ಬರುತ್ತದೆಯೇ? ಇಲ್ಲಿ ಎನ್ನಬಹುದು, ಆತ ಸರಿಮಾಡಿಕೊಂಡು ಕೈಮುಗಿಯುತ್ತಾನೆ ಕೂಡ.

ಆ ಸ್ಟೇಜನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಡುವೆ ಜೂನಿಯರ್, ಬಿಳಿ ಪಂಚೆಯಲ್ಲಿ, ತುಟಿ ಮಾತ್ರ ಆಡಿಸುತ್ತಿದ್ದಾನೆ. ಬದಿಗೆ ಸರಿದು, ಡೈರಿ ನೋಡಿಕೊಂಡು ಹಾಡುತ್ತಿರುವವನು ಬೇರೆ. ಅವನು ತೆಗೆಯುತ್ತಿರುವುದು ಪಿ.ಬಿ. ಶ್ರೀನಿವಾಸರ ದನಿಯನ್ನು. ಆ ಪಿ.ಬಿ. ಶ್ರೀನಿವಾಸರು ಆಂಧ್ರದ ಕಾಕಿನಾಡದವರು, ವರ್ಷಾನುಗಟ್ಟಲೆ ರಾಜಕುಮಾರರಿಗೆ ದನಿಯಾಗಿದ್ದವರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂದ ಮೇಲಷ್ಟೇ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡುವುದು ರೂಢಿಯಾಯಿತು. ಅಂದರೆ ನಮ್ಮೂರ ಮುಖವೊಂದು ಇನ್ನೊಬ್ಬನ ಗಂಟಲಿಗೆ ತುಟಿ ಸೇರಿಸುತ್ತಿದೆ, ಆ ಗಂಟಲು ಮತ್ತೊಬ್ಬರ ಗಂಟಲಿನ ನಕಲು, ಆ ಗಂಟಲಾದರೂ ಅಸಲಿ ಮುಖಕ್ಕೆ ಸೇರಿದ್ದಲ್ಲ. ಇದರಲ್ಲಿ ಜೂನಿಯರ್ ಯಾರು, ಸೀನಿಯರ್ ಯಾರು ಎಂದು ಕೇಳಿದರೆ ಕೀಬೋರ್ಡಿನವನೂ ಹೇಳಲಾರ.

‘ಬಬ್ರುವಾಹನ’ದ ಹಾಡು ಬಂದರೆ ಗೊಂದಲ ಇನ್ನೂ ರುಚಿಕಟ್ಟು. 1977ರ ಆ ಚಿತ್ರದಲ್ಲಿ ಅಪ್ಪ ಅರ್ಜುನನೂ ರಾಜಕುಮಾರರೇ, ಮಗ ಬಬ್ರುವಾಹನನೂ ರಾಜಕುಮಾರರೇ. ಇಬ್ಬರೂ ಎದುರುಬದುರು ನಿಂತು ಹಾಡುವಾಗ ಅಪ್ಪನಿಗೆ ಪಿ.ಬಿ. ಶ್ರೀನಿವಾಸ್, ಮಗನಿಗೆ ಸ್ವತಃ ರಾಜಕುಮಾರ್. ಜಾತ್ರೆಯ ತಂಡದಲ್ಲಿ ಇರುವುದು ಒಬ್ಬನೇ ಜೂನಿಯರ್. ಎಡಕ್ಕೆ ತಿರುಗಿದರೆ ಅಪ್ಪ, ಬಲಕ್ಕೆ ತಿರುಗಿದರೆ ಮಗ. ಹಾಡಿನ ವೇಗ ಏರಿದಂತೆ ಅವನು ಬುಗುರಿಯಾಗಿ, ಕೊನೆಗೆ ಯಾರು ಯಾರಿಗೆ ಬೈಯುತ್ತಿದ್ದಾರೆಂದು ಗಾಯಕನೇ ಮರೆತು, ಜನ ಎದ್ದು ನಿಂತು ಒನ್ಸ್‌ಮೋರ್ ಕೂಗುತ್ತಾರೆ. ಅಸಲಿ ಚಿತ್ರದಲ್ಲಿ ಈ ಸುಖ ಎಲ್ಲಿತ್ತು?

ಇಷ್ಟೆಲ್ಲ ಇದ್ದೂ ನಮ್ಮವರಿಗೆ ಹೆಸರಿಟ್ಟುಕೊಳ್ಳಲು ಬಾರದು ಎಂಬುದು ನನ್ನ ಹಳೆಯ ತಕರಾರು. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ಕೋಣೆಯ ಗೆಳೆಯನೊಬ್ಬ ನನಗೆ ರಾಕ್ ಸಂಗೀತದ ಚಟ ಹತ್ತಿಸಿದ. ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮೆಟಾಲಿಕಾ 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನಕ್ಕೇ ಬಂದು ಗುಡುಗಿ ಹೋದವು. ಆಗಲೇ ತಿಳಿದದ್ದು, ಆ ಲೋಕದಲ್ಲೂ ಜೂನಿಯರುಗಳ ದಂಡೇ ಇದೆಯೆಂದು. ಟ್ರಿಬ್ಯೂಟ್ ಬ್ಯಾಂಡ್ ಎನ್ನುತ್ತಾರೆ. ಆದರೆ ಅವರು ‘ಜೂ.’ ಎಂದು ಮೂಲೆಯಲ್ಲಿ ಕೂರುವವರಲ್ಲ. ಹೆಸರಿನಲ್ಲೇ ಕಣ್ಣು ಹೊಡೆಯುತ್ತಾರೆ.

ಸ್ವೀಡನ್ನಿನ ಅಬ್ಬಾ ತಂಡದಲ್ಲಿ ಬ್ಯೋರ್ನ್ ಎಂಬಾತನಿದ್ದ. ತಂಡ ಹಾಡು ನಿಲ್ಲಿಸಿದ ಕೆಲವು ವರ್ಷಕ್ಕೆ, 1988ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಹುಟ್ಟಿದ ನಕಲು ತಂಡ ‘ಬ್ಯೋರ್ನ್ ಅಗೇನ್’ ಎಂದು ಹೆಸರಿಟ್ಟುಕೊಂಡಿತು. ಪುನರ್ಜನ್ಮವೂ ಆಯಿತು, ಯಜಮಾನನ ಹೆಸರೂ ಉಳಿಯಿತು. ಲೆಡ್ ಜೆಪ್ಲಿನ್ ಹಾಡುಗಳನ್ನು ಹೆಂಗಸರೇ ನುಡಿಸುವ ತಂಡ ‘ಲೆಜ್ ಜೆಪ್ಲಿನ್’. ಅದೇ ಹಾಡುಗಳನ್ನು ಜಮೈಕಾದ ರೆಗೆ ತಾಳಕ್ಕೆ ಹೊಂದಿಸಿ, ಎಲ್ವಿಸ್ ಪ್ರೀಸ್ಲಿಯ ವೇಷದವನ ಬಾಯಲ್ಲಿ ಹಾಡಿಸಿದ್ದು ‘ಡ್ರೆಡ್ ಜೆಪ್ಲಿನ್’: ಎರಡು ಜೂನಿಯರುಗಳನ್ನು ಒಂದೇ ಅಂಗಿಗೆ ತುರುಕಿದ ಹಾಗಾಯಿತು. ಬೀಟಲ್ಸ್ ಹಾಡನ್ನು ಮೆಟಾಲಿಕಾ ಮಾದರಿಯಲ್ಲಿ ಅರಚುವವರು ‘ಬೀಟಾಲಿಕಾ’. ಓಯಸಿಸ್ಸಿನ ನಕಲಿಗೆ ‘ನೋ ವೇ ಸಿಸ್’. ಲಾಸ್ ಏಂಜಲಿಸ್ಸಿನಲ್ಲಿ ಬರ್ಗರ್ ಅಂಗಡಿಯ ವೇಷ ತೊಟ್ಟು ಬ್ಲ್ಯಾಕ್ ಸಬ್ಬತ್ ನುಡಿಸುವವರು ‘ಮ್ಯಾಕ್ ಸಬ್ಬತ್’. ನನಗೆ ಎಲ್ಲಕ್ಕಿಂತ ಇಷ್ಟ ‘ಹೇಸೀಡ್ ಡಿಕ್ಸಿ’. ಎಸಿ/ಡಿಸಿ ಎಂಬುದನ್ನು ಅಮೆರಿಕದ ದಕ್ಷಿಣದ ಹಳ್ಳಿಗರ ಬಾಯಲ್ಲಿ ಎಳೆದು ಹೇಳಿದರೆ ಹಾಗೆ ಕೇಳುತ್ತದಂತೆ. ಹಳ್ಳಿ ಗಮಾರ ಎನ್ನಿಸಿಕೊಳ್ಳುವುದನ್ನೇ ಬೋರ್ಡು ಬರೆಸಿ ತೂಗುಹಾಕಿದ ಆ ಧೈರ್ಯಕ್ಕೆ ಪಾಮನಕಲ್ಲೂರಿನವನು ಕೈಮುಗಿಯಲೇಬೇಕು.

ಬೆಂಗಳೂರಿನ ಹುಡುಗರಿಗೂ ಈ ಕಳ್ಳಗಣ್ಣು ಇದೆ. ಅಲ್ಲೊಂದು ಹೆವಿ ಮೆಟಲ್ ತಂಡದ ಹೆಸರು ‘ಬೇವರ್ ಸೀ’. ಇಂಗ್ಲಿಷಿನಲ್ಲಿ ಬರೆದಾಗ ಯಾವುದೋ ಸಮುದ್ರದ ಹೆಸರಿನಂತೆ ಗಂಭೀರ. ಕನ್ನಡಿಗ ಬಾಯಿಬಿಟ್ಟು ಓದಿದರೆ ಮನೆಯಲ್ಲಿ ಅಪ್ಪ ಎದ್ದು ಬರುತ್ತಾನೆ.

ಇವನ್ನೆಲ್ಲ ಕೇಳಿದ ಮೇಲೆ ನಾನು ಸುಮ್ಮನಿರಲಿಲ್ಲ. ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು, ಇಲ್ಲಿಯ ಹುಡುಗರು ರಾಕ್ ಬ್ಯಾಂಡು ಕಟ್ಟಿದರೆ ಏನು ಹೆಸರಿಡಬಹುದೆಂದು ಗೆಳೆಯರ ಜೊತೆ ಪಟ್ಟಿ ಮಾಡಿದೆವು. ರೋಲಿಂಗ್ ಸ್ಟೋನ್ಸ್ ನಕಲಿಗೆ ತಲೆ ಕೆಡಿಸಿಕೊಳ್ಳುವ ಕೆಲಸವೇ ಇರಲಿಲ್ಲ, ಕಲ್ಲು ಊರಿನ ಹೆಸರಿನಲ್ಲೇ ಇದೆ: ‘ಉರುಳುಕಲ್ಲೂರು’. ಕೋಲ್ಡ್‌ಪ್ಲೇಗೆ ‘ಕೋಲಾಟ’. ಗನ್ಸ್ ಅಂಡ್ ರೋಸಸ್ ಬದಲಿಗೆ ‘ಗನ್ಸ್ ಅಂಡ್ ರೊಟ್ಟೀಸ್’, ಜೊತೆಗೆ ಶೇಂಗಾ ಚಟ್ನಿ. ಡೀಪ್ ಪರ್ಪಲ್‌ಗೆ ‘ಡೀಪ್ ಬೋರ್‌ವೆಲ್’ ಎಂದವನು ಹೊಲದಲ್ಲಿ ಕೊರೆಸಿ ಕೊರೆಸಿ ಸೋತವನು, ಅವನಿಗೆ ನಗುವ ಹಕ್ಕಿತ್ತು. ಎಸಿ/ಡಿಸಿಗೆ ‘ತ್ರೀ ಫೇಸ್’. ಈ ತಂಡದ ಕಾರ್ಯಕ್ರಮ ಎಷ್ಟೊತ್ತಿಗೆ ಎಂದು ಮೊದಲೇ ಹೇಳಲು ಬರುವುದಿಲ್ಲ, ನಡುರಾತ್ರಿ ಕರೆಂಟು ಕೊಟ್ಟಾಗ ಎದ್ದು ಬರಬೇಕು. ಬ್ಲ್ಯಾಕ್ ಸಬ್ಬತ್ತಿಗೆ ‘ಬ್ಲ್ಯಾಕ್ ಸಬ್ಬಸಿಗೆ’ ಎಂದದ್ದನ್ನು ಮಾತ್ರ ಬಹುಮತದಿಂದ ತಿರಸ್ಕರಿಸಲಾಯಿತು, ಸಬ್ಬಸಿಗೆಗೆ ಅವಮಾನವೆಂದು. ಐರ್ಲೆಂಡಿನ ಯು2 ತಂಡದ ಸರದಿ ಬಂದಾಗ, ಅಲ್ಲಿಯವರೆಗೆ ಮಾತಾಡದೆ ಬೀಡಿ ಸೇದುತ್ತಿದ್ದ ಹಿರಿಯರೊಬ್ಬರು “ಅಕ್ಷರಾ ಅಂಕಿ ಎರಡೂ ಬೇಕಂದ್ರ ಐದು ಎ ಅಂತ ಇಡ್ರಿ” ಎಂದರು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತ ಊರಿದು. 2021ರ ಮಸ್ಕಿ ಉಪಚುನಾವಣೆಯಲ್ಲಿ ಆ ಕಾಲುವೆಯ ಹೆಸರು ಯಾವ ಹಾಡಿಗಿಂತಲೂ ಹೆಚ್ಚು ಸಲ ಮೈಕಿನಲ್ಲಿ ಮೊಳಗಿತ್ತು. ಆ ಹೆಸರಿಗೆ ಯಾರೂ ನಗಲಿಲ್ಲ. ಪಟ್ಟಿ ಅಲ್ಲಿಗೆ ನಿಂತಿತು.

ಆಮೇಲೆ ಒಬ್ಬನೇ ಯೋಚಿಸಿದಾಗ ಅನ್ನಿಸಿತು: ಹೆಸರು ಎರವಲು ತರದೆ ದೊಡ್ಡವರಾದವರು ಯಾರಿದ್ದಾರೆ? ಬೀಟಲ್ಸ್ ಎಂಬುದೇ ಬಡಿ ಹಾಲಿಯ ಕ್ರಿಕೆಟ್ಸ್ ತಂಡವನ್ನು ನೋಡಿ ಹೊಳೆದ ಹೆಸರು: ಅದೂ ಒಂದು ಹುಳ, ಇದೂ ಒಂದು ಹುಳ. ಲೆಡ್ ಜೆಪ್ಲಿನ್ 1968ರಲ್ಲಿ ಮೊದಲು ಸ್ಟೇಜು ಹತ್ತಿದ್ದು ‘ನ್ಯೂ ಯಾರ್ಡ್‌ಬರ್ಡ್ಸ್’ ಎಂಬ ಹೆಸರಿನಲ್ಲಿ, ನಮ್ಮ ‘ನ್ಯೂ ಉಡುಪಿ ಹೋಟೆಲ್’ ಇದ್ದ ಹಾಗೆ. ನಮ್ಮ ಕಡೆಗೆ ಬಂದರೆ, ಸಿಂಗಾನಲ್ಲೂರಿನ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಆದರು. ಸಂಪತ್‌ಕುಮಾರ್ ಎಂಬ ಹುಡುಗನಿಗೆ ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಹೊತ್ತಿಗೆ ಹೊಯ್ಸಳ ದೊರೆಯ ಹೆಸರಿಟ್ಟರು. ಆ ದೊರೆಯಾದರೂ ಹುಟ್ಟಾ ವಿಷ್ಣುವರ್ಧನನೇ? ಅವನು ಬಿಟ್ಟಿದೇವ. ಬಿಟ್ಟಿದೇವನಿಂದ ವಿಷ್ಣುವರ್ಧನ, ಅವನಿಂದ ಸಂಪತ್‌ಕುಮಾರ್, ಅವರಿಂದ ಸಿಂಧನೂರಿನ ಕಡೆಯ ಯಾವನೋ ಟೇಲರ್. ಕೊನೆಯವನೊಬ್ಬನ ಹೆಸರಿನ ಹಿಂದೆ ಮಾತ್ರ ‘ಜೂ.’ ಅಂಟಿಸಿದ್ದು ಅನ್ಯಾಯ.

ಹಿಂದಿನವರು ಜೂನಿಯರ್ ಎನ್ನುತ್ತಿರಲಿಲ್ಲ, ‘ಅಭಿನವ’ ಎನ್ನುತ್ತಿದ್ದರು. ಎಷ್ಟು ಮರ್ಯಾದಸ್ಥ ಪದ! ಪಂಪನಾದ ಸುಮಾರು ಒಂದೂವರೆ ಶತಮಾನಕ್ಕೆ ಬಂದ ನಾಗಚಂದ್ರ ‘ಅಭಿನವ ಪಂಪ’ನಾದ. ಅವನು ಬರೆದ ರಾಮಚಂದ್ರಚರಿತ ಪುರಾಣವನ್ನು ಜನ ‘ಪಂಪ ರಾಮಾಯಣ’ ಎಂದು ಕರೆದರು. ಪಂಪ ರಾಮಾಯಣ ಬರೆದವನೇ ಅಲ್ಲ. ಬ್ಯಾನರಿನ ‘ಜೂ.’ ಕಾಣದಂತಾಗುವುದು ಇವತ್ತಿನ ಫ್ಲೆಕ್ಸ್ ಅಂಗಡಿಯವರ ಕೈಚಳಕ ಅಂದುಕೊಂಡಿದ್ದೆ, ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ‘ಅಭಿನವ’ ಉದುರಿಹೋಗಿದೆ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ‘ಅಭಿನವ ಕಾಳಿದಾಸ’ರಾದರು. ಪಕ್ಕದ ಗಂಗಾವತಿಯ ಪ್ರಾಣೇಶರು ಈಗಲೂ ‘ಅಭಿನವ ಬೀಚಿ’. ಅವರ ಕಾರ್ಯಕ್ರಮಕ್ಕೆ ಹೋಗಿ ‘ಜೂ. ಬೀಚಿ ಬಂದರೇ’ ಎಂದು ಕೇಳಿ ನೋಡಿ, ನಗಿಸುವ ಮನುಷ್ಯನೂ ಒಂದು ಗಳಿಗೆ ಗಂಭೀರವಾದಾನು.

ಇದಕ್ಕೂ ಹಳೆಯದು ಬೇಕೆಂದರೆ ನಮ್ಮೂರಿನಿಂದ ಮಸ್ಕಿಗೆ ಹೋಗಬೇಕು. ಅಲ್ಲಿನ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದು ಬಿದ್ದದ್ದು 1915ರಲ್ಲಿ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ. ಯಾವ ರಾಜ ಈತ ಎಂದು ವಿದ್ವಾಂಸರು ತಡಕಾಡುತ್ತಿದ್ದರು. ಮಸ್ಕಿಯ ಬಂಡೆ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಸ್ವಂತ ಹೆಸರನ್ನು ಹೇಳಿತು. ಆ ಬಿರುದಾದರೂ ಅವನೊಬ್ಬನ ಆಸ್ತಿಯಾಗಿ ಉಳಿಯಿತೇ? ಸಿಂಹಳದ ತಿಸ್ಸ ರಾಜ ‘ದೇವಾನಾಂಪಿಯ ತಿಸ್ಸ’ ಆದ. ಅಶೋಕನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳಲ್ಲಿ ದೇವಾನಾಂಪಿಯ ಎಂದೇ ಕೆತ್ತಿಸಿದ. ಅವರ ಕಲ್ಲುಗಳ ಮೇಲೆ ‘ಜೂ.’ ಇಲ್ಲ. ಅಸಲಿ ಯಾರು ಎಂಬ ಖಾತ್ರಿಪತ್ರ ಮಾತ್ರ ನಮ್ಮ ತಾಲ್ಲೂಕಿನಲ್ಲಿದೆ, ಕಲ್ಲಿನಲ್ಲಿ.

ಹಾಗೆಂದು ಗುರುತೇ ಬೇಡ ಎನ್ನುವವನೂ ನಾನಲ್ಲ. ಹೆಸರಿನ ಹಿಂದೆ ಏನೂ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಅಮೆರಿಕದವರು ನೋಡಿದ್ದಾರೆ. ಇಂಗ್ಲೆಂಡಿನ ಜಾಂಬೀಸ್ ತಂಡ ಒಡೆದು ಮನೆಗೆ ಹೋದ ಮೇಲೆ, 1969ರಲ್ಲಿ, ಅವರದೊಂದು ಹಾಡು ಅಮೆರಿಕದಲ್ಲಿ ಹುಚ್ಚು ಹಿಡಿಸಿತು. ಹಾಡಿಗೆ ಗಿರಾಕಿಗಳಿದ್ದಾರೆ, ತಂಡವಿಲ್ಲ. ಕಂಪನಿಯೊಂದು ಯಾರು ಯಾರನ್ನೋ ಹಿಡಿದು ಜಾಂಬೀಸ್ ಎಂದೇ ಊರೂರು ಸುತ್ತಿಸಿತು. ಟೆಕ್ಸಾಸಿನ ಆ ನಕಲಿ ಜಾಂಬಿಗಳಲ್ಲಿ ಇಬ್ಬರು ಮುಂದೆ ಝೀ ಝೀ ಟಾಪ್ ಎಂಬ ಭಾರೀ ತಂಡದ ಸದಸ್ಯರಾದರು. ಆ ಇಬ್ಬರಲ್ಲಿ ಒಬ್ಬನ ಉದ್ದ ಗಡ್ಡವನ್ನು ಆಮೇಲೆ ಎಷ್ಟು ಜನ ನಕಲು ಮಾಡಿದರೋ. 1974ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡದ ಮ್ಯಾನೇಜರೇ ಬೇರೆಯವರನ್ನು ಕೂಡಿಸಿ ಅದೇ ಹೆಸರಿನಲ್ಲಿ ಪ್ರವಾಸಕ್ಕೆ ಕಳಿಸಿದ, ಕೋರ್ಟಿನ ತನಕ ಹೋಯಿತು. ಆ ಒಂದಕ್ಷರ, ಒಂದು ಚುಕ್ಕಿ ಇದ್ದಿದ್ದರೆ ವಕೀಲರಿಗೆ ಕೆಲಸವಿರುತ್ತಿರಲಿಲ್ಲ.

ನನಗೆ ಬೇಕಾದದ್ದು ಸುಳ್ಳೂ ಅಲ್ಲದ, ದೈನ್ಯವೂ ಇಲ್ಲದ ಒಂದು ಗುರುತು. ಅದು ಸಿಕ್ಕಿದ್ದು ಕುಂದಗೋಳದಲ್ಲಿ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಹೆಸರು ಮೊಳಗುತ್ತಿದ್ದ ಕಾಲದಲ್ಲಿ ನಮ್ಮ ಕುಂದಗೋಳದ ರಾಮಭಾವು ಹಾಡತೊಡಗಿದರು. ಅವರನ್ನು ಜನ ಜೂನಿಯರ್ ಗಂಧರ್ವ ಎನ್ನಲಿಲ್ಲ, ‘ಸವಾಯಿ ಗಂಧರ್ವ’ ಎಂದರು. ಸವಾಯಿ ಎಂದರೆ ಒಂದೂಕಾಲು. ನಮ್ಮ ಕಡೆ ಹಿಂದೆ ಬೀಜದ ಜೋಳ ಕಡ ಕೊಡುತ್ತಿದ್ದದ್ದೂ ಸವಾಯಿ ಲೆಕ್ಕದಲ್ಲೇ, ಒಂದು ಚೀಲ ಒಯ್ದವನು ಸುಗ್ಗಿಯಲ್ಲಿ ಒಂದೂಕಾಲು ಚೀಲ ಅಳೆಯಬೇಕು. ದೊಡ್ಡವರಿಂದ ಹೆಸರು ಕಡ ತಂದವನು ತೀರಿಸುವ ರೀತಿಯೂ ಇದೇ ಅಲ್ಲವೇ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ರಾಕ್ ತಂಡದ ಹೆಸರೂ ಮೂವರು ಮಲಯಾಳಿಗಳು ಹಾಗೂ ಒಬ್ಬ ಕಾಲು ಭಾಗದ ಮಲಯಾಳಿ ಎಂಬ ತಮಾಷೆಯಿಂದ ಹುಟ್ಟಿದ್ದು. ಕಾಲು ಭಾಗದ ಮಹಿಮೆ ತಿಳಿದವರು ಅಲ್ಲೂ ಇದ್ದಾರೆ.

ಒಂದು ಸಲ ಜಾತ್ರೆ ಕಮಿಟಿಯ ಹುಡುಗರಿಗೆ ಇದನ್ನೆಲ್ಲ ಬಣ್ಣಿಸಿ ಹೇಳಿದೆ. ಈ ವರ್ಷ ‘ಜೂ.’ ಬೇಡ, ‘ಸವಾಯಿ ರಾಜಕುಮಾರ್’ ಎಂದು ಹಾಕಿಸಿ ನೋಡಿ ಎಂದೆ. ಅವರಿಗೆ ಹೊಸ ಹೆಸರಿನ ಹುರುಪು. ಫ್ಲೆಕ್ಸಿನವನಿಗೆ ಫೋನಿನಲ್ಲೇ ಹೇಳಿದರು. ಅವನು ಫೋನಿನಲ್ಲಿ ಏನು ಕೇಳಿಸಿಕೊಂಡನೋ. ಸಂಜೆ ಟಂಟಂನಲ್ಲಿ ಬಂದಿಳಿದ ಬ್ಯಾನರಿನ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ‘ಸಿಪಾಯಿ ರಾಜಕುಮಾರ್’ ಎಂದಿತ್ತು.

ಕಲಾವಿದರು ಬಂದಾಗ ಆ ಬ್ಯಾನರು ಕಟ್ಟಿ ಆಗಿತ್ತು. ಅರವತ್ತರ ಹತ್ತಿರದ ಮನುಷ್ಯ, ತಲೆಗೆ ಕಪ್ಪು ಬಣ್ಣ, ಕೈಯಲ್ಲಿ ತಗಡಿನ ಟ್ರಂಕು. ಊರಿನವರೆಲ್ಲ ಅವರನ್ನು ‘ಅಣ್ಣಾರ’ ಎಂದೇ ಕರೆಯುತ್ತಿದ್ದರು. ವಯಸ್ಸಿಗೂ ಅದು ಒಪ್ಪುತ್ತಿತ್ತು, ಪಾತ್ರಕ್ಕೂ ಒಪ್ಪುತ್ತಿತ್ತು. ಬ್ಯಾನರು ಓದಿ, “ಯಾಕ್ರಿ, ಎಂದೂ ಇಲ್ಲದ್ದು ಸಿಪಾಯಿ ಅಂತ ಮಾಡೀರಿ?” ಅಂದರು. ಅದು ಸವಾಯಿ ಆಗಬೇಕಿತ್ತು ಎಂದು ನಾನು ಮುಂದೆ ಹೋಗಿ ವಿವರಿಸಿದೆ. ಕುಂದಗೋಳ, ಗಂಧರ್ವ, ಕಾಲು ಭಾಗ ಹೆಚ್ಚು, ಎಲ್ಲ ಹೇಳಿದೆ. ಅವರು ಟ್ರಂಕು ಕೆಳಗಿಟ್ಟರು.

“ಅಂದ್ರ ಅಣ್ಣಾವ್ರಿಗಿಂತ ನಾ ಪಾವು ಹೆಚ್ಚು ಅಂತ ಅರ್ಥ ಬರ್ತ್ರೀ?”

“ಅಂಗಲ್ರಿ ಅಣ್ಣಾರ, ಗೌರವಕ್ಕ…”

“ಗೌರವ ಗಿವರವ ಇಲ್ರಿ. ಸ್ಟೇಜಿಗೆ ಬಂದು ಹೊಡೀತಾರ ನನ್ನ. ಹೊಡೀಲಿ, ಹೊಡ್ಸಿಕೊಳ್ಳಾದು ನನಗೇನ್ ಹೊಸಾದಲ್ಲ. ಆದ್ರ ಅಂಥಾ ಮಾತಿಗೆ ನಾನಾ ನನ್ನ ಹೊಡ್ಕೋಬೇಕು. ಸಿಪಾಯಿನಾ ಇರ್ಲಿ ಬಿಡ್ರಿ.”

ಟ್ರಂಕು ತೆಗೆದು, ಪಂಚೆ, ಕೋಟು, ಮಯೂರನ ಕಿರೀಟ ಎಲ್ಲ ಬದಿಗೆ ಸರಿಸಿ, ತಳದಿಂದ ಇಸ್ತ್ರಿ ಮಾಡಿಟ್ಟ ಒಂದು ಖಾಕಿ ಸಮವಸ್ತ್ರ ಹೊರತೆಗೆದರು. ‘ಗಂಧದ ಗುಡಿ’ಯ ಅರಣ್ಯಾಧಿಕಾರಿಯದು. ಟೊಂಕದ ಹತ್ತಿರ ಎರಡು ಕಡೆ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದರು. ಹಾಡಿನ ಪಟ್ಟಿಯಲ್ಲಿ ಮೊದಲನೆಯದನ್ನು ಬದಲಿಸಲು ಕೀಬೋರ್ಡಿನವನಿಗೆ ಹೇಳಿ, ನನ್ನ ಕಡೆ ತಿರುಗಿ, “ಸರ, ನಿಮ್ಮ ಸೊಂಟದಾಗಿಂದು ಬೆಲ್ಟ್ ಸ್ವಲ್ಪ ಕೊಡ್ರಿ” ಅಂದರು. ಬಿಚ್ಚಿಕೊಟ್ಟೆ. ಹತ್ತೂವರೆಗೆ ಅವರು ಸ್ಟೇಜು ಹತ್ತಿದಾಗ ಲೈಟಿನ ಕಂಬದ ಮೇಲಿನ ಹುಡುಗರು ‘ಸಿಪಾಯಿ! ಸಿಪಾಯಿ!’ ಎಂದು ಕೂಗತೊಡಗಿದರು. ನಾನು ಪ್ಯಾಂಟು ಹಿಡಿದುಕೊಂಡೇ ಮೊದಲ ಹಾಡು ಮುಗಿಯುವವರೆಗೂ ನಿಂತು ನೋಡಿದೆ.